ಮೊಂಡುಬಿದ್ದ ಹೀಟರ್ ಪ್ಲಗ್ಗು

ಡೀಸೆಲ್ ಕಾರಿನ ಬೀಗದ ಕೈಯನ್ನು ಅರ್ಧ ತಿರುಗಿಸಿದೊಡನೆ ಎದುರಿನ ಫಲಕದಲ್ಲಿ ಹಲವು ದೀಪಗಳು ಹೊತ್ತಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಸುರುಳಿ ಸುರುಳಿಯಾಗಿರುವ ಹಳದಿ ದೀಪ. ಕೆಲವು ಕ್ಷಣ ಇದ್ದು ಅದು ಆರಿಹೋಗುತ್ತದೆ. ಅದು ಆರಿದ ಮೇಲೆ ಎಂಜಿನ್ ಹೊರಡಿಸಬೇಕು ಎಂದು ಕಾರು ಕೊಂಡ ದಿನ ಯಾರೋ ಹೇಳಿರುತ್ತಾರೆ, ನಾವು ಮರೆತಿರುತ್ತೇವೆ. ಆ ದೀಪ ಹೇಳುವ ಮಾತು ಇಷ್ಟೆ: 'ಸ್ವಲ್ಪ ತಾಳಿ, ಒಳಗೆ ಒಲೆ ಕಾಯುತ್ತಿದೆ.'

ಆ ಒಲೆಯ ಹೆಸರು ಇಂಗ್ಲಿಷಿನಲ್ಲಿ ಗ್ಲೋ ಪ್ಲಗ್. ನಮ್ಮ ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್. ಕನ್ನಡ ಪಂಡಿತನಾದವನು ಇದಕ್ಕೆ 'ತಾಪಶಲಾಕೆ' ಎಂದು ಹೆಸರಿಡಬಹುದು. ಆದರೆ ಆ ಹೆಸರು ಹೇಳಿ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ, ಎದುರಿನ ಅಂಗಡಿಯಲ್ಲಿ ಊದುಬತ್ತಿ ಸಿಗುತ್ತದೆ ಎಂದು ಕೈ ತೋರಿಸಿಯಾರು. ಆದ್ದರಿಂದ ಹೀಟರ್ ಪ್ಲಗ್ ಎಂದೇ ಕರೆಯೋಣ. ಈ ಪುಟ್ಟ ವಸ್ತು ಕೆಟ್ಟಾಗ ಅದನ್ನು ಬಿಚ್ಚುವುದು ಹೇಗೆ, ಬಿಚ್ಚಲು ಬಾರದಾಗ ಎಲ್ಲಿ ಕೈ ನಿಲ್ಲಿಸಬೇಕು ಎಂಬುದೇ ಈ ಹೊತ್ತಿನ ಮಾತು.

ಮೊದಲು ಅದರ ಕೆಲಸವನ್ನು ತಿಳಿಯೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸಲು ಕಿಡಿ ಹಾರಿಸುವ ಪ್ಲಗ್ ಉಂಟು. ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು ೧೮೯೨ರಲ್ಲಿ ತನ್ನ ಕಲ್ಪನೆಗೆ ಹಕ್ಕುಪತ್ರ ಕೇಳಿದ. ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ ಅವನ ಎಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. ಅದರ ತತ್ತ್ವ ನಿಮಗೆ ತಿಳಿಯದ್ದೇನೂ ಅಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲವೆ? ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹದಿನೇಳು ಹದಿನೆಂಟು ಪಟ್ಟು ಒತ್ತಿದರೆ, ಬೆಚ್ಚಗಿರುವ ಎಂಜಿನ್ನಿನಲ್ಲಿ ಅದು ೫೦೦ ಡಿಗ್ರಿಗೂ ಮಿಕ್ಕಿ ಕಾಯುತ್ತದೆ. ಆ ಗಾಳಿಗೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ಸಾಕು, ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಆದರೆ ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಎಂಜಿನ್ನಿನ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಕೊರೆಯುತ್ತಿರುತ್ತವೆ. ಒತ್ತಿದ ಗಾಳಿಯಲ್ಲಿ ಹುಟ್ಟಿದ ಬಿಸಿಯನ್ನು ಅವು ಹೀರಿಬಿಡುತ್ತವೆ. ಡೀಸೆಲ್ ಚಿಮ್ಮುತ್ತದೆ, ಹೊತ್ತುವುದಿಲ್ಲ. ಬಿಳಿ ಹೊಗೆ ಮಾತ್ರ ಬರುತ್ತದೆ. ಆ ಕೊರತೆ ತುಂಬುವುದಕ್ಕೆ ಒಂದೊಂದು ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್. ಅದು ಪೆನ್ಸಿಲಿಗಿಂತ ತೆಳ್ಳಗಿನ ಲೋಹದ ಕಡ್ಡಿ. ಕಡ್ಡಿಯ ಟೊಳ್ಳಿನಲ್ಲಿ ತಂತಿಯ ಸುರುಳಿ, ಸುರುಳಿಯ ಸುತ್ತ ಮೆಗ್ನೀಸಿಯಂ ಆಕ್ಸೈಡಿನ ಪುಡಿ. ಬ್ಯಾಟರಿಯಿಂದ ವಿದ್ಯುತ್ ಹರಿದರೆ ಕಡ್ಡಿಯ ತುದಿ ಕೆಲವೇ ಕ್ಷಣಗಳಲ್ಲಿ ೮೦೦ ಡಿಗ್ರಿ ದಾಟಿ ಕೆಂಡವಾಗುತ್ತದೆ. ಹೊಸ ಬಗೆಯ ಕೆಲವು ಪ್ಲಗ್ಗುಗಳ ತುದಿ ಪಿಂಗಾಣಿಯ ಜಾತಿಯದು. ಅದು ಇನ್ನೂ ಹೆಚ್ಚು ಕಾಯುತ್ತದೆ, ಆದರೆ ನೆಲಕ್ಕೆ ಬಿದ್ದರೆ ಬಳೆಯಂತೆ ಒಡೆಯುತ್ತದೆ. ಬಿದ್ದ ಪ್ಲಗ್ಗನ್ನು ನೋಟಕ್ಕೆ ಚೆನ್ನಾಗಿದೆಯೆಂದು ಹಾಕಬಾರದು.

ಇನ್ನು ನಮ್ಮ ನಾಡಿನ ವಿಷಯ. ೧೯೯೮ರ ಕೊನೆಯಲ್ಲಿ ಇಂಡಿಕಾ ಬಂದ ಮೇಲೆ ಸಣ್ಣ ಡೀಸೆಲ್ ಕಾರು ನಮ್ಮ ಊರುಗಳ ಬೀದಿಗಿಳಿಯಿತು. ೨೦೦೭ರಲ್ಲಿ ಸ್ವಿಫ್ಟಿಗೆ ಡೀಸೆಲ್ ಎಂಜಿನ್ ಬಂತು. ಫಿಯಟ್ ಮೂಲದ ಆ ೧೨೪೮ ಸಿ.ಸಿ.ಯ ಎಂಜಿನ್ನು ಎಷ್ಟು ಕಂಪೆನಿಗಳ ಎಷ್ಟು ಕಾರುಗಳಲ್ಲಿ ಕುಳಿತಿತೆಂದರೆ, ಮೋಟಾರು ಪತ್ರಿಕೆಗಳು ತಮಾಷೆಗೆ ಅದನ್ನು 'ರಾಷ್ಟ್ರೀಯ ಎಂಜಿನ್' ಎಂದವು. ೨೦೨೦ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ಆರರ ನಿಯಮ ಬಂದಾಗ ಮಾರುತಿ ಕಂಪೆನಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಆದರೆ ಅದಕ್ಕೆ ಮುಂಚೆ ಮಾರಾಟವಾದ ಕಾರುಗಳು ಬಾಡಿಗೆಗೂ ಸಂಸಾರಕ್ಕೂ ದುಡಿಯುತ್ತಲೇ ಇವೆ. ಅವುಗಳಿಗೆ ಈಗ ವಯಸ್ಸಾಗಿದೆ. ವಯಸ್ಸಾದ ಎಂಜಿನ್ನಿನಲ್ಲಿಯೇ ಪ್ಲಗ್ಗು ಮೊಂಡುಬೀಳುವುದು.

ನಮ್ಮ ಹವೆಯೂ ಇದಕ್ಕೆ ಒಂದು ಕಾರಣ. ಯೂರೋಪಿನ ಚಳಿಯಲ್ಲಿ ಒಂದು ಪ್ಲಗ್ಗು ಸತ್ತರೂ ಮರುದಿನ ಬೆಳಗ್ಗೆಯೇ ಗೊತ್ತಾಗುತ್ತದೆ. ರಾಯಚೂರಿನಲ್ಲೋ ಮಂಗಳೂರಿನಲ್ಲೋ ಎರಡು ಸತ್ತರೂ ಕಾರು ಹೊರಡುತ್ತದೆ. ಮಡಿಕೇರಿ, ಚಿಕ್ಕಮಗಳೂರುಗಳ ಡಿಸೆಂಬರ್ ಬೆಳಗಿನಲ್ಲಿ ಮಾತ್ರ ತಗಾದೆ ತೆಗೆಯುತ್ತದೆ. ಎಂಜಿನ್ ಹೊರಟರೂ ಒಂದೆರಡು ನಿಮಿಷ ಕುಂಟುತ್ತದೆ, ನಡುಗುತ್ತದೆ, ಬಿಳಿ ಹೊಗೆ ಕಾರುತ್ತದೆ. ಬೆಚ್ಚಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ನಾವು ಬ್ಯಾಟರಿಯನ್ನೋ ಬಂಕಿನ ಡೀಸೆಲನ್ನೋ ಬೈದು ಸುಮ್ಮನಾಗುತ್ತೇವೆ. ಹೀಗೆ ಸತ್ತ ಪ್ಲಗ್ಗು ವರ್ಷಗಟ್ಟಲೆ ಇದ್ದಲ್ಲಿಯೇ ಇದ್ದು ಬೇರುಬಿಡುತ್ತದೆ.

ಪ್ಲಗ್ಗು ಸತ್ತಿದೆಯೆ ಎಂದು ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ. ತಲೆಯ ಮೇಲಿನ ತಂತಿಯನ್ನು ತೆಗೆದು, ಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಚ್ಚಿ ನೋಡಬೇಕು. ಲೋಹದ ತುದಿಯ ಸಾಮಾನ್ಯ ಪ್ಲಗ್ಗು ಬದುಕಿದ್ದರೆ ರೋಧ ಸುಮಾರು ಒಂದು ಓಮ್ ಅಥವಾ ಅದಕ್ಕಿಂತ ಕಡಿಮೆ ತೋರುತ್ತದೆ; ಸುರುಳಿ ಕಡಿದಿದ್ದರೆ ಮುಳ್ಳು ಅಲುಗುವುದೇ ಇಲ್ಲ. ಅದು ಸತ್ತಿದೆಯೆಂದು ಗೊತ್ತಾದ ಮೇಲಷ್ಟೇ ಅದನ್ನು ಕೀಳುವ ಯೋಚನೆ.

ಇದು ಏಕೆ ಇಷ್ಟು ಗಟ್ಟಿಯಾಗಿ ಕೂರುತ್ತದೆ? ಕಾರಣಗಳು ಮೂರು. ಒಂದು, ಕಿಟ್ಟ. ಕಡ್ಡಿಗೂ ಅದು ಇಳಿದಿರುವ ರಂಧ್ರಕ್ಕೂ ನಡುವಿನ ಕೂದಲೆಳೆಯ ಸಂದಿನಲ್ಲಿ ಉರಿಯ ಮಸಿ ವರ್ಷಗಟ್ಟಲೆ ತುಂಬಿ ಕಲ್ಲಾಗುತ್ತದೆ. ಎರಡು, ತುಕ್ಕು. ಪ್ಲಗ್ಗಿನ ಮೈ ಉಕ್ಕು, ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಮ್. ತೇವವೂ ಕಾವೂ ಸೇರಿದಾಗ ಎರಡು ಬೇರೆ ಲೋಹಗಳ ತಿರುಪುಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಮೂರು, ಹಿಂದೆ ಯಾರೋ ಅಳತೆಮೀರಿ ಬಿಗಿದಿರುವುದು. ಇವಲ್ಲದೆ, ಅತಿಯಾಗಿ ಕಾದು ತುದಿ ಊದಿಕೊಂಡಿದ್ದರೆ, ತಿರುಪು ಸಡಿಲವಾದರೂ ಕಡ್ಡಿ ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಎಲ್ಲಕ್ಕಿಂತ ಮುಖ್ಯವಾದ ಲೆಕ್ಕವೂ ಇದೇ. ತಿರುಚುವ ಬಲವನ್ನು ನ್ಯೂಟನ್ ಮೀಟರುಗಳಲ್ಲಿ ಅಳೆಯುತ್ತಾರೆ. ಕಾರಿನ ಚಕ್ರದ ನಟ್ಟನ್ನು ಸುಮಾರು ೧೦೦ ನ್ಯೂಟನ್ ಮೀಟರಿನಷ್ಟು ಬಿಗಿಯುವುದುಂಟು. ಹೀಟರ್ ಪ್ಲಗ್ಗಿನ ತಿರುಪು ೮ ಮಿಲಿಮೀಟರಿನದಾದರೆ ಸುಮಾರು ೨೦ಕ್ಕೆ ಅದು ಮುರಿಯಬಹುದು. ೧೦ ಮಿಲಿಮೀಟರಿನದು ಸುಮಾರು ೩೫ಕ್ಕೆ. ೧೨ ಮಿಲಿಮೀಟರಿನದು ಸುಮಾರು ೪೫ಕ್ಕೆ. ಅದರ ಒಡಲು ಟೊಳ್ಳು, ನಡುವೆ ವಿದ್ಯುತ್ತಿನ ಕಂಬಿ ಹಾಯ್ದಿದೆ. ಇದ್ದುದೆಲ್ಲ ತೆಳ್ಳಗಿನ ಗೋಡೆ. ೨೦ ನ್ಯೂಟನ್ ಮೀಟರು ಎಂದರೆ ಎಷ್ಟು? ೨೦ ಸೆಂಟಿಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಗೇಣು ಉದ್ದದ ಹಿಡಿಯ ತುದಿಗೆ ಹತ್ತು ಕಿಲೋ ಅಕ್ಕಿಯ ಚೀಲ ತೂಗುಹಾಕಿದಷ್ಟು. ಚಕ್ರದ ನಟ್ಟು ಬಿಚ್ಚಿ ಪಳಗಿದ ಕೈಗೆ ಅದು ಬಲಪ್ರಯೋಗವೆಂದೇ ಅನಿಸುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಮುರಿದರೆ ಏನಾಗುತ್ತದೆ? ತಲೆ ಕೈಗೆ ಬರುತ್ತದೆ, ಕಡ್ಡಿ ಹೆಡ್ಡಿನಲ್ಲಿ ಉಳಿಯುತ್ತದೆ. ಆಮೇಲೆ ಅದನ್ನು ಕೊರೆದು ತೆಗೆಯಬೇಕು, ಇಲ್ಲವೆ ಹೆಡ್ಡನ್ನೇ ಇಳಿಸಬೇಕು. ಹೆಡ್ ಇಳಿಸುವುದೆಂದರೆ ಗ್ಯಾಸ್ಕೆಟ್ಟು, ಟೈಮಿಂಗ್ ಚೈನು ಅಥವಾ ಬೆಲ್ಟು, ಎಣ್ಣೆ, ನೀರು, ಹಲವು ದಿನಗಳ ಕೂಲಿ. ನಾಲ್ಕು ಪ್ಲಗ್ಗುಗಳ ಬೆಲೆ ಅದರ ಮುಂದೆ ಏನೂ ಅಲ್ಲ. ಕಾರು ಬಾಡಿಗೆಯದಾದರೆ ಅಷ್ಟು ದಿನವೂ ದುಡಿಮೆ ನಿಂತಿತು. ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಹಾಗಾದರೆ ಬಿಚ್ಚುವ ಕ್ರಮವೇನು? ಮೊದಲನೆಯದು ಎಣ್ಣೆ, ಎರಡನೆಯದು ಕಾವು, ಮೂರನೆಯದು ಅಳತೆ, ನಾಲ್ಕನೆಯದು ವ್ಯವಧಾನ.

ಪ್ಲಗ್ಗಿನ ಬುಡದ ಧೂಳನ್ನು ಮೊದಲು ಗಾಳಿಯಿಂದ ಊದಿ ತೆಗೆಯಬೇಕು. ಇಲ್ಲದಿದ್ದರೆ ಪ್ಲಗ್ಗು ಬಂದೊಡನೆ ಕಸ ಸಿಲಿಂಡರಿಗೆ ಬೀಳುತ್ತದೆ. ಅನಂತರ ಜಾಮಾದ ತಿರುಪಿಗೆ ಹಾಕುವ ತೆಳುವಾದ ಎಣ್ಣೆಯನ್ನು ಬುಡಕ್ಕೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಬೇಕು. ಮೊಂಡು ಹೆಚ್ಚಾಗಿದ್ದರೆ ಮೂರುನಾಲ್ಕು ದಿನ ಹೀಗೆಯೇ ಎಣ್ಣೆ ಹಾಕುತ್ತ, ಕಾರನ್ನು ಎಂದಿನಂತೆ ಓಡಿಸುತ್ತ ಇರಬೇಕು. ಕಾಯುವುದು, ತಣಿಯುವುದು, ಮತ್ತೆ ಕಾಯುವುದು ನಡೆದಂತೆಲ್ಲ ಎಣ್ಣೆ ಒಳಕ್ಕೆ ಇಳಿಯುತ್ತದೆ.

ಬಿಚ್ಚುವ ದಿನ ಕಾರನ್ನು ಹತ್ತಿಪ್ಪತ್ತು ಕಿಲೋಮೀಟರು ಓಡಿಸಿ ಎಂಜಿನ್ನನ್ನು ಚೆನ್ನಾಗಿ ಕಾಯಿಸಿ ತರಬೇಕು. ಒಂದೇ ಕಾವಿಗೆ ಅಲ್ಯೂಮಿನಿಯಮ್ಮು ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹೀಗಾಗಿ ಬಿಸಿ ಹೆಡ್ಡಿನ ರಂಧ್ರ ಪ್ಲಗ್ಗಿನ ಮೇಲಿನ ಹಿಡಿತವನ್ನು ಒಂದಿಷ್ಟು ಸಡಿಲಿಸುತ್ತದೆ. ಪೆಟ್ರೋಲ್ ಎಂಜಿನ್ನಿನ ಕಿಡಿ ಪ್ಲಗ್ಗನ್ನು ತಣ್ಣಗಿರುವಾಗ ಬಿಚ್ಚಿ ಎನ್ನುವ ರೂಢಿಯನ್ನು ಇಲ್ಲಿಗೆ ತರಬಾರದು. ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದಿಟ್ಟು, ಬ್ಯಾಟರಿಯ ತಂತಿ ಕಳಚಿ, ಕೈಗೆ ಚೀಲ ತೊಟ್ಟು ಕೆಲಸ ತೊಡಗಬೇಕು. ಅಲ್ಲಿಯೇ ಪಕ್ಕದಲ್ಲಿ ಡೀಸೆಲ್ ಚಿಮ್ಮಿಸುವ ಉಕ್ಕಿನ ಕೊಳವೆಗಳಿರುತ್ತವೆ. ಎಂಜಿನ್ ಓಡುವಾಗ ಅವುಗಳಲ್ಲಿ ಸಾವಿರ ಬಾರ್ ಮೀರಿದ ಒತ್ತಡವಿರುತ್ತದೆ. ಅವುಗಳ ತಂಟೆಗೆ ಹೋಗಬಾರದು.

ಇಲ್ಲಿ ಬೇಕಾದ ಆಯುಧ ಟಾರ್ಕ್ ರೆಂಚ್. ಇಷ್ಟೇ ಬಲ ಎಂದು ಅದರ ಹಿಡಿಯಲ್ಲಿ ಗುರುತು ಮಾಡಿಟ್ಟರೆ, ಅಷ್ಟು ಮುಟ್ಟಿದಾಗ ಕಟಕ್ಕೆಂದು ಸದ್ದು ಮಾಡುತ್ತದೆ. ಎರಡೂ ದಿಕ್ಕಿಗೆ ಅಳೆಯುವ ಬಗೆಯದೇ ಆಗಬೇಕು. ಆಳವಾದ ಸಾಕೆಟ್ಟನ್ನು ನೆಟ್ಟಗೆ ಕೂರಿಸಿ, ಮುರಿಯುವ ಮಿತಿಗಿಂತ ಸಾಕಷ್ಟು ಕೆಳಗೆ ಗುರುತು ಇಟ್ಟುಕೊಂಡು, ನಿಧಾನವಾಗಿ ಬಲ ಕೊಡಬೇಕು. ಜಗ್ಗಬಾರದು. ಪ್ಲಗ್ಗು ಒಂದಿಷ್ಟು ಅಲುಗಿತೆ? ಸಂತೋಷಪಟ್ಟು ಸರಸರನೆ ತಿರುಗಿಸಬಾರದು. ಕಾಲು ಸುತ್ತು ಬಿಚ್ಚಿದರೆ ಅರ್ಧದಷ್ಟು ಹಿಂದಕ್ಕೆ, ಮತ್ತೆ ಎಣ್ಣೆ, ಮತ್ತೆ ಮುಂದಕ್ಕೆ. ಕಿರ್ ಎಂದು ಸದ್ದು ಬಂದರೆ ಮತ್ತೆ ಎಣ್ಣೆ. ಅಲುಗುವ ಮೊದಲೇ ರೆಂಚು ಕಟಕ್ಕೆಂದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಈ ಕೊನೆಯ ಮಾತನ್ನು ಒಪ್ಪುವುದೇ ಕಷ್ಟ. ನಮ್ಮ ಬೀದಿಯಲ್ಲಿ ಬಾಡಿಗೆ ಕಾರು ಓಡಿಸುವ ಹುಡುಗನೊಬ್ಬನಿದ್ದಾನೆ; ನನ್ನ ಹಳೆಯ ವಿದ್ಯಾರ್ಥಿ. ಮಾಗಿಯ ಕಾಲ, ಮದುವೆಯ ಬಾಡಿಗೆಯೊಂದು ಮೂರು ದಿನಕ್ಕೆ ಗೊತ್ತಾಗಿತ್ತು. ಗ್ಯಾರೇಜಿನಲ್ಲಿ ಮೂರು ಪ್ಲಗ್ಗು ಬಂದವು, ನಾಲ್ಕನೆಯದು ಬರಲಿಲ್ಲ. ರೆಂಚು ಎರಡು ಸಲ ಸದ್ದು ಮಾಡಿತು. ಮೆಕ್ಯಾನಿಕ್ಕು ವಯಸ್ಸಾದವರು. ಹಿಡಿಯನ್ನು ಕೆಳಗಿಟ್ಟು, "ಇವತ್ತಿಗೆ ಸಾಕು ಕಣಪ್ಪ" ಎಂದರು.

ಹುಡುಗನಿಗೆ ತಡೆಯಲಿಲ್ಲ. "ಏನಣ್ಣಾ, ಇಷ್ಟು ಬಂದಿದೆ, ಇನ್ನೊಂದು ಸಲ ಪೈಪ್ ಹಾಕಿ ಎಳೆದ್ರೆ ಬರಲ್ವಾ?"

"ಬರುತ್ತೆ. ಅರ್ಧ ಬರುತ್ತೆ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನೀವೇ ಹೇಳಿ ಮೇಷ್ಟ್ರೇ, ಮೂರು ಹೊಸಾದಿದೆ, ಗಾಡಿ ಹೊರಡುತ್ತೆ. ಮದುವೆ ಮುಗಿಸಿ ಬರಲಿ. ದಿನಾ ಎಣ್ಣೆ ಬಿಡ್ತಾ ಇರಲಿ. ಇವತ್ತು ಮುರಿದ್ರೆ ಮದುವೆ ಮನೆಯೋರಿಗೆ ಇವನೇನು ಹೇಳ್ತಾನೆ?" ಎಂದರು.

ಅವರು ಹೇಳಿದ್ದರಲ್ಲಿ ಸೋಲು ಒಪ್ಪಿಕೊಂಡ ಛಾಯೆ ಇರಲಿಲ್ಲ, ಲೆಕ್ಕವಿತ್ತು. ಮೂರು ಪ್ಲಗ್ಗಿನ ಬಲದಿಂದ ಕಾರು ಮುಂಜಾನೆ ಹೊರಟಿತು, ಮದುವೆಯೂ ಆಯಿತು. ಎಂಟು ದಿನದ ಮೇಲೆ ಬಿಸಿ ಎಂಜಿನ್ನಿನೊಡನೆ ಬಂದಾಗ, ಅದೇ ಗುರುತಿಗೆ, ರೆಂಚು ಸದ್ದು ಮಾಡುವ ಮುಂಚೆಯೇ ನಾಲ್ಕನೆಯದು ಅಲುಗಿತು. ಎಲ್ಲ ಪ್ಲಗ್ಗೂ ಹೀಗೆ ಒಲಿಯುತ್ತದೆಂದು ಹೇಳಲಾರೆ. ಒಲಿಯದವಕ್ಕೆ, ಕಡಮೆ ಬಲದಿಂದ ನಡುಗಿಸಿ ನಡುಗಿಸಿ ಸಡಿಲಿಸುವ ಗಾಳಿಯ ಯಂತ್ರಗಳಿವೆ. ಅಂಥ ಉಪಕರಣವೂ ಅನುಭವವೂ ಇರುವವರ ಬಳಿಗೆ, ಪ್ಲಗ್ಗು ಇನ್ನೂ ಇಡಿಯಾಗಿರುವಾಗಲೇ ಹೋಗುವುದು ಜಾಣತನ.

ಒಂದು ವೇಳೆ ಮುರಿದೇಹೋದರೆ? ಬೀಗದ ಕೈಗೆ ಕೈ ಹಾಕಬಾರದು. ಕಡ್ಡಿಯ ತುದಿ ಸಿಲಿಂಡರಿಗೆ ಬಿದ್ದಿದ್ದರೆ, ಎಂಜಿನ್ ಒಂದು ಸುತ್ತು ತಿರುಗಿದರೂ ಪಿಸ್ಟನ್ನೂ ವಾಲ್ವುಗಳೂ ಹಾಳಾಗಬಹುದು. ಉಳಿದ ತುಂಡನ್ನು ಕೊರೆಯುವುದಕ್ಕೆ ಆಯಾ ಎಂಜಿನ್ನಿಗೆಂದೇ ಮಾಡಿದ ಕೊರೆಯುವ ಸಾಧನವೂ, ಕೊರೆಯುವ ಮೊನೆ ನೆಟ್ಟಗೆ ಇಳಿಯಲು ದಾರಿ ತೋರುವ ಬಳೆಯೂ ಬೇಕು. ಕೈಯಂದಾಜಿನಲ್ಲಿ ಕೊರೆದರೆ ಮೊನೆ ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತಗಿನ ಅಲ್ಯೂಮಿನಿಯಮ್ಮಿನ ಕಡೆಗೆ ಜಾರುತ್ತದೆ.

ಹಳೆಯದು ಬಂದ ಮೇಲೆ ಹೊಸದನ್ನು ಹಾಗೆಯೇ ತುರುಕಬಾರದು. ರಂಧ್ರದಲ್ಲಿ ಕಿಟ್ಟ ಉಳಿದಿದ್ದರೆ ಹೊಸ ಪ್ಲಗ್ಗು ಸರಿಯಾಗಿ ಕೂರುವುದಿಲ್ಲ. ಕೂತರೂ ನಾಳಿನ ಮೊಂಡಿಗೆ ಇಂದೇ ಬೀಜ ಬಿತ್ತಿದಂತೆ. ಅದೇ ಅಳತೆಯ ರೀಮರಿಗೆ ಗ್ರೀಸು ಬಳಿದು ಕೈಯಿಂದ ಮೆಲ್ಲಗೆ ತಿರುಗಿಸಿದರೆ, ಕಿಟ್ಟವೆಲ್ಲ ಗ್ರೀಸಿಗೆ ಅಂಟಿ ಮೇಲೆ ಬರುತ್ತದೆ, ಒಳಗೆ ಬೀಳುವುದಿಲ್ಲ. ಹೊಸ ಪ್ಲಗ್ಗು ಆ ಎಂಜಿನ್ನಿಗೆ ಹೇಳಿದ್ದೇ ಆಗಬೇಕು. ನೋಡಲು ಒಂದೇ ತರಹ ಇದ್ದರೂ ಕೆಲವು ಹನ್ನೆರಡು ವೋಲ್ಟಿನವು, ಕೆಲವು ಅದಕ್ಕಿಂತ ಬಹಳ ಕಡಿಮೆಯವು, ಅದಲುಬದಲಾದರೆ ಸುಟ್ಟುಹೋಗುತ್ತವೆ. ಇದೇ ಕಾರಣಕ್ಕೆ, ಹೊಸ ಪ್ಲಗ್ಗನ್ನು ನೇರವಾಗಿ ಬ್ಯಾಟರಿಗೆ ಹಚ್ಚಿ ಉರಿಯುತ್ತದೆಯೆ ಎಂದು ನೋಡುವ ಚಾಳಿಯೂ ಒಳ್ಳೆಯದಲ್ಲ. ತಿರುಪಿಗೆ ಗ್ರೀಸು ಬಳಿಯಬೇಕೆ ಬೇಡವೆ ಎಂಬುದರಲ್ಲಿ ತಯಾರಕರ ಮಾತೇ ಪ್ರಮಾಣ. ಗ್ರೀಸು ಬಳಿದ ತಿರುಪು ಅದೇ ಬಲಕ್ಕೆ ಇನ್ನೂ ಹೆಚ್ಚು ಬಿಗಿಯುತ್ತದೆ.

ಮೊದಲ ಸುತ್ತುಗಳನ್ನು ಬೆರಳಿನಿಂದಲೇ ಹಾಕಬೇಕು. ಬೆರಳಿಗೆ ಬಾರದ್ದು ಓರೆಯಾಗಿ ಕೂತಿದೆ ಎಂದು ಅರ್ಥ. ಕೊನೆಗೆ ರೆಂಚಿನಿಂದ ೮ ಮಿಲಿಮೀಟರಿನದಕ್ಕೆ ಸುಮಾರು ೧೦, ೧೦ ಮಿಲಿಮೀಟರಿನದಕ್ಕೆ ಸುಮಾರು ೧೫ ನ್ಯೂಟನ್ ಮೀಟರು. ಆಯಾ ಕಾರಿನ ಕೈಪಿಡಿ ಬೇರೆ ಹೇಳಿದ್ದರೆ ಅದೇ ಸರಿ. ತಂತಿ ಹಿಡಿಯುವ ಪುಟ್ಟ ನಟ್ಟಿಗೆ ಎರಡು ಮೂರು ನ್ಯೂಟನ್ ಮೀಟರು ಸಾಕು. ಒಂದು ಸತ್ತಿದ್ದರೆ ನಾಲ್ಕನ್ನೂ ಬದಲಿಸುವುದು ಲೇಸು. ಒಟ್ಟಿಗೆ ಹಾಕಿದವು ಒಟ್ಟಿಗೇ ಮುದಿಯಾಗುತ್ತವೆ. ಬದಲಿಸಿದ ಮೇಲೂ ಬೇಗನೆ ಸುಟ್ಟುಹೋದರೆ ಪ್ಲಗ್ಗನ್ನು ದೂರದೆ, ಅದಕ್ಕೆ ವಿದ್ಯುತ್ ಕೊಡುವ ರಿಲೇಯನ್ನೂ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನೂ ಪರೀಕ್ಷಿಸಬೇಕು.

ಕೇಳುತ್ತಿರುವವರಲ್ಲಿ ಹೆಚ್ಚಿನವರು ಈ ಕೆಲಸವನ್ನು ಸ್ವಂತ ಕೈಯಿಂದ ಮಾಡುವವರಲ್ಲ, ಮಾಡಿಸುವವರು. ಮಾಡಿಸುವವರಿಗೂ ಒಂದು ಹೊಣೆಯಿದೆ. ಕಾರು ಬಿಡುವಾಗ ಮೂರು ಪ್ರಶ್ನೆ ಕೇಳಿ: ಮೀಟರಿನಲ್ಲಿ ನೋಡಿದಿರಾ? ಎಂಜಿನ್ ಬಿಸಿಯಿರುವಾಗ ಬಿಚ್ಚುತ್ತೀರಾ? ಟಾರ್ಕ್ ರೆಂಚ್ ಇದೆಯೆ? ಆಮೇಲೆ ಇನ್ನೊಂದು ಮಾತನ್ನೂ ಸೇರಿಸಿ: 'ಬಾರದಿದ್ದರೆ ಅಲ್ಲಿಗೇ ಬಿಡಿ, ಇನ್ನೊಂದು ದಿನ ಬರುತ್ತೇನೆ.' ಸಂಜೆಯೊಳಗೆ ಕಾರು ಬೇಕೆಂದು ನಾವು ನೆತ್ತಿಯ ಮೇಲೆ ನಿಂತರೆ, ಎಂಥ ಬಲ್ಲ ಕೈಯೂ ಉದ್ದನೆಯ ಪೈಪು ಹುಡುಕೀತು. ಕೆಲಸಗಾರನಿಗೆ ಎಂಟು ದಿನದ ಬಿಡುವು ಕೊಡುವುದು ಗಿರಾಕಿಯ ಕೈಯಲ್ಲಿಯೇ ಇದೆ.